ಮೂರನೆಯ ಮೈಕು

ಭಾನುವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಕನ್ನಡಕದವರು ಮಲಗುವ ಕೋಣೆಯ ಬಟ್ಟೆ ಬೀರುವಿನೊಳಗೆ ತಲೆ ತೂರಿಸಿ ಚಪ್ಪಾಳೆ ತಟ್ಟುತ್ತಿದ್ದರು. ಕೋಣೆಯಲ್ಲಿ ಪ್ರತಿಧ್ವನಿ ಎಲ್ಲಿ ಕಡಿಮೆ ಎಂದು ತಿಳಿಯಲು ಇದು ಸುಲಭದ ದಾರಿ. ಬರಿಗೋಡೆಯ ಮುಂದೆ ತಟ್ಟಿದರೆ ಚಪ್ಪಾಳೆಗೆ ಬಾಲ ಬರುತ್ತದೆ. ನೇತುಹಾಕಿದ ಬಟ್ಟೆಗಳ ನಡುವೆ ತಟ್ಟಿದರೆ ಬರುವುದಿಲ್ಲ. ಮಹಡಿಯ ಮೇಲಿನ ಮನೆಯಲ್ಲಿರುವ ಅವರ ಅಕ್ಕ ಇಸ್ತ್ರಿಪೆಟ್ಟಿಗೆ ಕೇಳಲು ಬಂದವರು ಬಾಗಿಲಲ್ಲೇ ನಿಂತು ನೋಡಿದರು.

"ಬೀರೂಗೆ ಯಾಕೋ ಚಪ್ಪಾಳೆ? ಅದೇನು ಹಾಡು ಹೇಳ್ತಾ?"

ಕನ್ನಡಕದವರು ಇನ್ನೊಂದು ಸಲ ತಟ್ಟಿ ನೋಡಿದರು. ಹಾಸಿಗೆಯ ಮೇಲೆ ಮೂರು ಮೈಕುಗಳು ಸಾಲಾಗಿ ಮಲಗಿದ್ದವು. ಒಂದನೆಯದು ವೇದಿಕೆಯ ಮೇಲೆ ಕೈಯಲ್ಲಿ ಹಿಡಿದು ಮಾತಾಡುವ ಮೈಕು. ಬಾಯಿ ಹತ್ತಿರ ತಂದರೆ ಮಾತ್ರ ಕೇಳಿಸಿಕೊಳ್ಳುತ್ತದೆ. ಎರಡನೆಯದು ಮೇಜಿನ ಮೇಲಿಡುವಂಥದ್ದು, ಉಸಿರನ್ನೂ ಬಿಡದೆ ಹಿಡಿಯುತ್ತದೆ. ಮೂರನೆಯದು ಕಾಲರಿಗೆ ಸಿಕ್ಕಿಸುವಂಥದ್ದು, ಕಡಲೆಕಾಳಿನಷ್ಟೇ ದೊಡ್ಡದು. ಮೂರನ್ನೂ ಮೈಕ್‌ಸೆಟ್ಟಿನವನು ಪರೀಕ್ಷೆಗೆಂದು ಕೊಟ್ಟಿದ್ದ. ಒಂದನ್ನು ಇಟ್ಟುಕೊಂಡು ಎರಡನ್ನು ಹಿಂದಿರುಗಿಸಬೇಕು. ಆ ಒಂದರಲ್ಲಿ ದಾಖಲಾಗಬೇಕಾದದ್ದು ಅವರ ಹೆಂಡತಿಯ ದನಿ. ಕಷ್ಟ ಇದ್ದದ್ದು ಅಲ್ಲೇ.

ಇವರ ವೃತ್ತಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವುದು. ಅಂಗಡಿ ಬಸ್ಸು ನಿಲ್ಲುವ ತಿರುವಿನಲ್ಲಿದೆ. ಮುಂದೆ ಗಾಜಿನ ಕಪಾಟು, ಹಿಂದೆ ಒಂದು ಕತ್ತಲೆಯ ಕೋಣೆ, ಕೋಣೆಯಲ್ಲಿ ಎತ್ತರದ ಕುರ್ಚಿ. ಬಂದವರ ಮೂಗಿನ ಮೇಲೆ ಭಾರದ ದುಂಡು ಚೌಕಟ್ಟು ಕೂರಿಸಿ, ಅದರಲ್ಲಿ ಒಂದೊಂದೇ ಲೆನ್ಸು ಹಾಕಿ ತೆಗೆಯುತ್ತಾ, "ಒಂದು ಚೆನ್ನಾಗಿದ್ಯಾ, ಎರಡು ಚೆನ್ನಾಗಿದ್ಯಾ?" ಎಂದು ಕೇಳುತ್ತಾರೆ. ಎಷ್ಟೋ ಜನ ಪರೀಕ್ಷೆಯಲ್ಲಿ ಪಾಸಾಗಬೇಕು ಎಂಬಂತೆ ಕಾಣದ್ದನ್ನೂ ಕಂಡಿತು ಎನ್ನುತ್ತಾರೆ. ಅಂಥವರಿಗೆ ಇವರ ಒಂದೇ ಎಚ್ಚರಿಕೆ: "ಸುಳ್ಳು ಹೇಳಿದ್ರೆ ತಲೆನೋವು ಬರೋದು ನಿಮಗೆ, ನನಗಲ್ಲ." ಮಾತಿನಿಂದ ಬಗ್ಗದವರಿಗೆ ಇನ್ನೊಂದು ಉಪಾಯವೂ ಇತ್ತು. ಒಂದೇ ಲೆನ್ಸನ್ನು ಎರಡು ಸಲ ತೋರಿಸುವುದು. ಯಾರಾದರೂ ಎರಡನೆಯ ಸಲ "ಹಾಂ, ಇದೇ ಸ್ವಚ್ಛ" ಎಂದರೆ ಅವರ ಮಾತಿನಲ್ಲಿ ಎಷ್ಟು ನೀರು ಬೆರೆತಿದೆ ಎಂದು ತಿಳಿಯುತ್ತದೆ.

ಈ ಉಪಾಯ ಕೈಕೊಟ್ಟದ್ದು ಒಂದೇ ಸಲ. ಹಲ್ಲಿನ ಡಾಕ್ಟರ ಬಳಿ ಫೋನ್ ಎತ್ತುವ ಕೆಲಸದಲ್ಲಿದ್ದ ಹುಡುಗಿಯೊಬ್ಬಳು ಕುರ್ಚಿಯಲ್ಲಿ ಕೂತು, "ಇದು ಆಗ್ಲೇ ತೋರಿಸಿದ್ದೇ ಅಲ್ವಾ?" ಎಂದು ಕೇಳಿದ್ದಳು. ಕನ್ನಡಕದವರು ತಬ್ಬಿಬ್ಬಾಗಿ ಪರೀಕ್ಷೆ ಮುಗಿಸಿ, "ನಿಮ್ಮ ನಂಬರ್ ಪಾಯಿಂಟ್ ಟೂ ಫೈವ್. ಇರೋದ್ರಲ್ಲೆಲ್ಲಾ ಚಿಕ್ಕದು. ಕನ್ನಡಕ ಬೇಡ, ಇಷ್ಟು ನಂಬರ್ ಇದ್ರೂ ಆರಾಮಾಗಿ ಬದುಕ್ಬಹುದು" ಎಂದು ಬರಿಗೈಯಲ್ಲಿ ಕಳಿಸಿದ್ದರು. ವ್ಯಾಪಾರ ಹೋಯಿತು, ಹೆಂಡತಿ ಸಿಕ್ಕಳು ಎಂದು ಅಕ್ಕ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಬಿಡುವಿನ ವೇಳೆಯಲ್ಲಿ ಅವರು ಫೋಟೋ ತೆಗೆಯುತ್ತಾರೆ. ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಇಂಥ ಹವ್ಯಾಸಿಗಳೆಲ್ಲ ಸೇರಿ ಆಗಾಗ ಚಿತ್ರಗಳನ್ನು ಪರದೆಯ ಮೇಲೆ ತೋರಿಸುವ ರೂಢಿ ಇದೆ. ಒಬ್ಬೊಬ್ಬರದೂ ಒಂದು ವಿಷಯ, ಜೊತೆಗೆ ಮೊದಲೇ ದಾಖಲಿಸಿದ ವಿವರಣೆ. ಕನ್ನಡಕದವರ ವಿವರಣೆಯನ್ನು ಅವರೇ ಓದುತ್ತಿದ್ದರು. ಯಾವ ಕಲ್ಲು, ಯಾವ ಹೊತ್ತಿನ ಬೆಳಕು, ಎಷ್ಟು ದೂರದಿಂದ ತೆಗೆದದ್ದು, ಎಲ್ಲವೂ ಕರಾರುವಾಕ್ಕು. ಜನ ಶಿಸ್ತಾಗಿ ಕೂತು ನೋಡಿ, ಶಿಸ್ತಾಗಿ ಚಪ್ಪಾಳೆ ತಟ್ಟಿ ಹೋಗುತ್ತಿದ್ದರು.

ಊರಿನ ಹಳೆಯ ಮೆಟ್ಟಿಲುಗಳ ಚಿತ್ರಗಳನ್ನು ತೋರಿಸುವ ಹೊತ್ತಿಗೆ ಅವರ ಗಂಟಲು ಕಟ್ಟಿತು. ಬೇರೆ ದಾರಿಯಿಲ್ಲದೆ ಹೆಂಡತಿ ಓದಿದರು. ಬರೆದುಕೊಟ್ಟದ್ದನ್ನು ಓದುತ್ತಲೇ, ನಡುವೆ ಒಂದು ಚಿತ್ರದ ಬಳಿ ತಮ್ಮದೇ ಒಂದು ಮಾತು ಸೇರಿಸಿದರು: "ಈ ಮೆಟ್ಟಿಲು ಎಡಗಡೆ ಮಾತ್ರ ಸವೆದಿದೆ ನೋಡಿ. ಕಂಬಿ ಇರುವುದು ಆ ಕಡೆ. ಇಳಿಯುವವರೆಲ್ಲ ಅದನ್ನೇ ಹಿಡಿದು ಇಳಿದಿದ್ದಾರೆ." ಆ ಚಿತ್ರಕ್ಕಾಗಿ ಕನ್ನಡಕದವರು ಮೂರು ದಿನ ಬೆಳಗ್ಗೆ ಹೋಗಿ ಕಾದಿದ್ದರು. ಎಡಗಡೆ ಸವೆದಿರುವುದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಅಂದು ಸಭೆ ಮುಗಿದ ಮೇಲೆ ಜನ ಹೋಗಲೇ ಇಲ್ಲ. ಎಲ್ಲರೂ ಹೆಂಡತಿಯ ಸುತ್ತ ನಿಂತರು. ಏನು ದನಿ, ಏನು ದನಿ! ಮರುದಿನ ಅಂಗಡಿಗೆ ಬಂದವರೂ ಕನ್ನಡಕಕ್ಕಿಂತ ಮೊದಲು ಕೇಳಿದ್ದು, ಮುಂದಿನ ಸಲವೂ ಅಮ್ಮನವರೇ ಮಾತಾಡುತ್ತಾರೆ ತಾನೆ ಎಂದು. ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಿನ್ನ ಫೋಟೋ ನೋಡಿದ್ರೆ ನನಗೆ ನಿದ್ದೆ ಬರ್ತಿತ್ತು ಕಣೋ, ಇವಳ ಮಾತು ಕೇಳಿ ಎಚ್ಚರ ಆಯ್ತು" ಎಂದರು.

ಇದನ್ನೆಲ್ಲ ಕನ್ನಡಕದವರು ಹೇಗೋ ನುಂಗಿಕೊಂಡರು. ನುಂಗಲಾಗದ್ದು ಬೆತ್ತದಜ್ಜನ ಮಾತು. ಬೆತ್ತದಜ್ಜ ಎಂದರೆ ಕುರ್ಚಿಗಳಿಗೆ ಬೆತ್ತ ಹೆಣೆಯುವ ಮುದುಕರು. ಸಭಾಂಗಣದ ಕುರ್ಚಿಗಳೆಲ್ಲ ಅವರ ಕೈಯಿಂದಲೇ ಬಂದವು. ಅವರಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಂದು ಹೆಣೆದ ಕುರ್ಚಿಗಳನ್ನು ತಲುಪಿಸಲು ಬಂದವರು ದನಿ ಕೇಳಿ ಹಿಂದಿನ ಸಾಲಿನಲ್ಲಿ ಕೂತುಬಿಟ್ಟಿದ್ದರು. ಹೊರಡುವಾಗ ಕನ್ನಡಕದವರ ಕೈ ಹಿಡಿದು, "ಚಿತ್ರಗಳು ಬಹಳ ಚೆನ್ನಾಗಿದ್ವಪ್ಪಾ. ಆ ಸವೆದ ಮೆಟ್ಟಿಲಂತೂ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದರು.

ಕಣ್ಣಿನದೇ ಕಸುಬು ಮಾಡುವವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೇನಿದ್ದೀತು? ಚಿತ್ರವೇ ಇಲ್ಲದೆ ಚಿತ್ರ ತೋರಿಸಬಹುದಾದರೆ ತಾವು ಕ್ಯಾಮೆರಾ ಹೊತ್ತು ಅಲೆದದ್ದು ಯಾವ ಪುರುಷಾರ್ಥಕ್ಕೆ? ಆಮೇಲೆ ಹೆಂಡತಿ ಫೋನಿನಲ್ಲಿ ಯಾರೊಡನೆಯೋ ನಗುತ್ತಾ ಮಾತಾಡಿದರೂ ಅವರಿಗೆ ಸಹಿಸಲಾಗುತ್ತಿರಲಿಲ್ಲ. ಹಾಲಿನವನೊಂದಿಗೆ ಆಡಿದ ಎರಡು ಮಾತಿನಲ್ಲೂ ಆ ದನಿಯ ಜಂಬ ಇದೆ ಎನಿಸುತ್ತಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಅವರೇ ಎಷ್ಟು ಜನಕ್ಕೆ ಹೇಳಿದ್ದರೋ. ಈಗ ಕಿವಿಗೂ ಕಾಮಾಲೆ ಬರುತ್ತದೆ ಎಂದು ತಿಳಿಯಿತು, ಆದರೆ ಯಾರಿಗೂ ಹೇಳುವಂತಿರಲಿಲ್ಲ.

ಮುಂದಿನ ವಿಷಯ ಕಿಟಕಿಗಳು. ಇವರ ಗಂಟಲು ಸರಿಹೋಗಿದ್ದರೂ ಮತ್ತೆ ತಾವೇ ಓದುತ್ತೇನೆ ಎನ್ನಲು ಮುಖವಿಲ್ಲ. ಇಡೀ ಊರು ಆಕೆಯ ದನಿಗೆ ಕಾದಿದೆ. ಅದಕ್ಕೇ ಈ ಮೂರು ಮೈಕುಗಳು.

ಬೀರುವಿನ ಬಾಗಿಲು ತೆರೆದು, ಕಿಟಕಿಗೆ ರಜಾಯಿ ಕಟ್ಟಿ, ಫ್ಯಾನು ನಿಲ್ಲಿಸಿ ಪರೀಕ್ಷೆ ನಡೆಯಿತು. ಹೆಂಡತಿ ಒಂದೇ ಪರಿಚ್ಛೇದವನ್ನು ಮೂರು ಮೈಕಿನಲ್ಲೂ ಓದಿದರು. ಕಾಲರ್ ಮೈಕು ಕೆಟ್ಟದ್ದಲ್ಲ. ಗದ್ದದಿಂದ ಒಂದು ಗೇಣು ಕೆಳಗೆ, ಬಟ್ಟೆಯ ಹೊರಮೈಗೆ ಸಿಕ್ಕಿಸಿದರೆ ಚೆನ್ನಾಗಿಯೇ ಕೇಳುತ್ತದೆ ಎಂದು ಮೈಕ್‌ಸೆಟ್ಟಿನವನು ಹೇಳಿಕೊಟ್ಟಿದ್ದ. ಕನ್ನಡಕದವರು ಅದನ್ನು ಇನ್ನೂ ಒಂದು ಗುಂಡಿ ಕೆಳಗೆ, ಹೆಂಡತಿಯ ಉಣ್ಣೆಯ ಸ್ವೆಟರಿನ ಮಡಿಕೆಯೊಳಗೆ ಸಿಕ್ಕಿಸಿದರು.

ಬಳಿಕ ಕಿವಿಗೆ ಹೆಡ್‌ಫೋನ್ ಏರಿಸಿ ಒಬ್ಬರೇ ಕೂತು ಕೇಳಿದರು. ಒಂದನೆಯದರಲ್ಲಿ ದನಿ ಗಟ್ಟಿಯಾಗಿತ್ತು, ಆದರೆ ವೇದಿಕೆಯಿಂದ ಬಂದಂತಿತ್ತು. ಎರಡನೆಯದು ಶುರುವಾದಾಗ ಬೆನ್ನು ನೆಟ್ಟಗಾಯಿತು. ಹೆಂಡತಿ ಪಕ್ಕದಲ್ಲೇ ಕೂತು ತಮಗೊಬ್ಬರಿಗೇ ಹೇಳುತ್ತಿದ್ದಂತೆ ಇತ್ತು. ವಾಕ್ಯಕ್ಕೆ ಮೊದಲು ತೆಗೆದುಕೊಂಡ ಉಸಿರು, ಮುಗುಳ್ನಗೆ ಬಂದಾಗ ಮಾತು ಸ್ವಲ್ಪ ಅಗಲವಾದದ್ದು, ಎಲ್ಲವೂ ಅದರಲ್ಲಿತ್ತು. ಮೂರನೆಯದರಲ್ಲಿ ಆಕೆ ಕಂಬಳಿ ಹೊದ್ದು ಪಕ್ಕದ ಮನೆಯಿಂದ ಮಾತಾಡಿದ ಹಾಗಿತ್ತು; ಮಧ್ಯೆ ಮಧ್ಯೆ ಉಣ್ಣೆ ಉಜ್ಜಿದ ಸರಬರ ಸದ್ದು.

"ಯಾವ್ದು ಚೆನ್ನಾಗಿದೆ ರೀ?" ಹೆಂಡತಿ ಬಾಗಿಲ ಬಳಿ ಬಂದು ಕೇಳಿದರು.

"ಮೂರು," ಎಂದರು ಕನ್ನಡಕದವರು. ಕೇಳದಿದ್ದರೂ ಬೆರಳು ಮಡಿಚಿ ಕಾರಣ ಕೊಟ್ಟರು. ಎರಡನೆಯದು ಬೀದಿಯ ಸ್ಕೂಟರ್ ಸದ್ದನ್ನೂ ಹಿಡಿಯುತ್ತದೆ, ನೀರಿನ ಪಂಪಿನ ಸದ್ದನ್ನೂ ಹಿಡಿಯುತ್ತದೆ. ಒಂದನೆಯದನ್ನು ಹಿಡಿದು ಕೈ ಸೋಲುತ್ತದೆ. ಮೂರನೆಯದು ಹಗುರ, ಗಲಾಟೆಯಿಲ್ಲ. ಒಂದೊಂದು ಕಾರಣವೂ ನಿಜವೇ ಆಗಿತ್ತು.

ಹೆಂಡತಿ ಅವರ ಮುಖವನ್ನು ಒಂದು ಗಳಿಗೆ ನೋಡಿದರು. "ಸರಿ, ನೀವು ಹೇಳಿದ ಮೇಲೆ ಮುಗೀತು" ಎಂದು ಸ್ವೆಟರಿನ ಮಡಿಕೆಯಲ್ಲಿದ್ದ ಮೈಕನ್ನು ಅಲ್ಲೇ ಇಟ್ಟುಕೊಂಡು ಇಡೀ ವಿವರಣೆ ಓದಿಕೊಟ್ಟರು.

ಪ್ರದರ್ಶನದ ಸಂಜೆ ಸಭಾಂಗಣ ತುಂಬಿತ್ತು. ಬೆತ್ತದಜ್ಜ ಈ ಸಲ ಹೊಸ ಅಂಗಿ ಹಾಕಿಕೊಂಡು ಮೊದಲ ಸಾಲಿನಲ್ಲೇ ಕೂತಿದ್ದರು. ಕಿಟಕಿಗಳ ಚಿತ್ರಗಳು ಕನ್ನಡಕದವರು ಇದುವರೆಗೆ ತೆಗೆದವುಗಳಲ್ಲೇ ಉತ್ತಮವಾದವು, ಗಾಜಿನ ಮೇಲಿನ ಬೆರಳ ಗುರುತೂ ಕಾಣುವಷ್ಟು ಸ್ಪಷ್ಟ. ಆದರೆ ಮೂರನೆಯ ಚಿತ್ರಕ್ಕೇ ಜನ ಕೆಮ್ಮತೊಡಗಿದರು. ಏಳನೆಯದಕ್ಕೆ ಹಿಂದಿನ ಸಾಲಿನಲ್ಲಿ ಮಾತು ಶುರುವಾಯಿತು. ಏನು ಹೇಳುತ್ತಿದ್ದಾರೆಂದು ಕಿವಿಗೊಟ್ಟು ಸೋತವರು ಚಿತ್ರ ನೋಡುವುದನ್ನೂ ಬಿಟ್ಟರು. ಇದು ಅವರ ಲೆಕ್ಕದಲ್ಲಿ ಇರಲಿಲ್ಲ. ದನಿ ಮಂಕಾದರೆ ಕಣ್ಣು ಚಿತ್ರದ ಕಡೆ ತಿರುಗುತ್ತದೆ ಎಂದು ಎಣಿಸಿದ್ದರು.

ಮುಗಿದ ಮೇಲೆ ಬೆತ್ತದಜ್ಜ ಕುರ್ಚಿಗಳ ಬೆನ್ನು ಹಿಡಿದು ಹಿಡಿದು ಬಂದರು.

"ಏನಪ್ಪಾ, ಇವತ್ತು ಚಿತ್ರ ಎಲ್ಲಾ ಮಸುಕಾಗಿತ್ತಲ್ಲ. ಕ್ಯಾಮೆರಾ ಕೆಟ್ಟಿತ್ತಾ?"

ಕನ್ನಡಕದವರ ಕೈ ತಾನಾಗಿ ಅಂಗಿಯ ಕಾಲರನ್ನು ಮುಟ್ಟಿ ನೋಡಿಕೊಂಡಿತು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ. ಪಕ್ಕದಲ್ಲಿದ್ದ ಹೆಂಡತಿ, "ಕ್ಯಾಮೆರಾ ಸರಿಯಾಗೇ ಇತ್ತಜ್ಜಾ. ಮುಂದಿನ ಸಲ ಸ್ವಚ್ಛ ಕಾಣ್ಸುತ್ತೆ, ಬನ್ನಿ" ಎಂದರು.

ದಾರಿಯುದ್ದಕ್ಕೂ ಆಕೆ ಹಲ್ಲಿನ ಡಾಕ್ಟರ ಕೋಣೆಯ ಹೊಸ ಪರದೆಗಳ ಬಗ್ಗೆ ಮಾತಾಡಿದರು. ಬೈದಿದ್ದರೆ ಕನ್ನಡಕದವರಿಗೆ ಹಗುರವಾಗುತ್ತಿತ್ತು.

ಮರುದಿನ ಬೆಳಗ್ಗೆ ಅವರು ಅಂಗಡಿ ತೆರೆಯುವಾಗಲೇ ಹಣೆಯ ಎರಡೂ ಕಡೆ ತಲೆ ಸಿಡಿಯುತ್ತಿತ್ತು. ಕೆಲಸಕ್ಕೆ ಹೊರಟಿದ್ದ ಹೆಂಡತಿ ಕಂಕುಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಒಳಗೆ ಬಂದರು. ಕತ್ತಲೆ ಕೋಣೆಗೆ ಕರೆದೊಯ್ದು ಗಂಡನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದರು. ಅವರ ಕನ್ನಡಕ ತೆಗೆದು, ಪರೀಕ್ಷೆಯ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಲು ಬಳಸುವ ಕರಿ ಬಿಲ್ಲೆಯನ್ನು ಎರಡೂ ಕಣ್ಣಿಗೆ ಹಾಕಿದರು. ಅವರಿಗೇ ಸೇರಿದ ಕೋಣೆಯಲ್ಲಿ ಅವರಿಗೇ ಏನೂ ಕಾಣದಾಯಿತು.

"ಒಂದಾ," ಎಂದರು ಹೆಂಡತಿ. ಲ್ಯಾಪ್‌ಟಾಪಿನಿಂದ ದನಿ ಬಂತು. "ಎರಡಾ." ಮತ್ತೆ ಬಂತು. "ಮೂರಾ? ನಿಧಾನ ಹೇಳಿ, ಅವಸರ ಇಲ್ಲ. ಸುಳ್ಳು ಹೇಳಿದ್ರೆ ತಲೆನೋವು ಬರೋದು ನಿಮಗೆ, ನನಗಲ್ಲ."

"ಬಂದಿದೆ," ಎಂದರು ಕನ್ನಡಕದವರು. ಭಾರದ ಚೌಕಟ್ಟನ್ನು ಮೂಗಿನ ಮೇಲೆ ಸರಿಮಾಡಿಕೊಂಡು, "ಎರಡು."

"ಅವತ್ತು?"

"ಅವತ್ತೂ ಎರಡೇ."

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ಚಿತ್ರ ನಿಮ್ದು. ನನ್ನ ದನಿ ಕೆಡಿಸೋಕೆ ಹೋಗಿ ಯಾವ್ದು ಕೆಡುತ್ತೆ ಅಂತ ನೀವೇ ನೋಡ್ಲಿ ಅಂತ." ಲ್ಯಾಪ್‌ಟಾಪ್ ಮುಚ್ಚಿದ ಸದ್ದಾಯಿತು. ಆಮೇಲೆ ದನಿ ತಗ್ಗಿತು. "ಎಲ್ಲಾರೂ ದನಿ ದನಿ ಅಂತಾರೆ. ದನಿ ನಾನೇನು ಸಂಪಾದಿಸಿದ್ದಲ್ಲ, ಬಂದಿದ್ದು. ಆ ಮೆಟ್ಟಿಲು ಎಡಕ್ಕೆ ಸವೆದಿದ್ದು ನೋಡಿದ್ದು ನಾನು ರೀ. ಅದನ್ನ ಬೇರೆ ಯಾರೂ ಹೇಳ್ಲಿಲ್ಲ, ಬಿಡಿ. ಕಣ್ಣು ನೋಡೋರು ನೀವಾದ್ರೂ ಹೇಳ್ತೀರ ಅಂದ್ಕೊಂಡಿದ್ದೆ."

ಕರಿ ಬಿಲ್ಲೆಗಳ ಹಿಂದೆ ಕನ್ನಡಕದವರು ಆ ಮೆಟ್ಟಿಲನ್ನು ಮತ್ತೆ ನೆನಪಿಗೆ ತಂದುಕೊಂಡರು. ಇಷ್ಟು ದಿನ ತಾವು ಕಿಚ್ಚುಪಟ್ಟದ್ದು ಆಕೆಯ ಗಂಟಲಿಗಲ್ಲ ಎಂದು ಅವರಿಗೆ ಆಗ ಹೊಳೆಯಿತು. ಅದನ್ನು ಒಪ್ಪಿಕೊಳ್ಳುವುದು "ಎರಡು" ಎಂದದ್ದಕ್ಕಿಂತ ಕಷ್ಟವಾಗಿತ್ತು.

"ನನಗೆ ಕಂಡಿರ್ಲಿಲ್ಲ," ಎಂದರು. "ಮೂರು ದಿನ ಅಲ್ಲೇ ನಿಂತಿದ್ದೆ. ಕಾಣ್ಲಿಲ್ಲ."

ಹೆಂಡತಿ ಬಿಲ್ಲೆಗಳನ್ನು ತೆಗೆದು ಪೆಟ್ಟಿಗೆಯಲ್ಲಿ ಅವುಗಳ ಜಾಗದಲ್ಲೇ ಇಟ್ಟು ಕೆಲಸಕ್ಕೆ ಹೋದರು. ಕನ್ನಡಕದವರು ಅಂದು ಮಧ್ಯಾಹ್ನವೇ ಮೈಕ್‌ಸೆಟ್ಟಿನವನ ಬಳಿ ಹೋಗಿ ಮೂರನೆಯದನ್ನು ಕೊಟ್ಟು ಎರಡನೆಯದನ್ನು ತಂದರು. ಪಂಪು ನಿಂತಿರುವ ಹೊತ್ತು ನೋಡಿ ಕಿಟಕಿಗಳ ವಿವರಣೆಯನ್ನು ಮತ್ತೆ ದಾಖಲಿಸಿದರು. ಓದುವ ಮೊದಲು ಚಿತ್ರಗಳನ್ನೆಲ್ಲ ಹೆಂಡತಿಯ ಮುಂದೆ ಹರಡಿ, ಏನೇನು ಕಾಣುತ್ತದೆ ಹೇಳು ಎಂದು ಕೇಳಿದ್ದು ಮಾತ್ರ ಹೊಸ ಪದ್ಧತಿ. ಅದು ಈಗಲೂ ನಡೆದುಬಂದಿದೆ.

ಹೊಟ್ಟೆಕಿಚ್ಚು ಆರಿಹೋಯಿತು ಎಂದು ಬರೆದರೆ ತಪ್ಪಾಗುತ್ತದೆ. ಕಿಟಕಿಗಳನ್ನು ಎರಡನೆಯ ಸಲ ತೋರಿಸಿದ ಸಂಜೆ ಬೆತ್ತದಜ್ಜ ನೇರ ಹೆಂಡತಿಯ ಬಳಿ ಹೋಗಿ, "ತಾಯೀ, ಈಗ ನೋಡು, ಗಾಜಿನ ಮೇಲಿನ ಬೆರಳ ಗುರುತೂ ಕಾಣ್ತು" ಎಂದಾಗ ಕನ್ನಡಕದವರು ಪ್ರೊಜೆಕ್ಟರಿನ ತಂತಿಯನ್ನು ಅಗತ್ಯಕ್ಕಿಂತ ಬಿಗಿಯಾಗಿ ಸುತ್ತುತ್ತಿದ್ದರು. ಹೆಂಡತಿ ಅದನ್ನು ನೋಡದೆ ಇರುವವರಲ್ಲ. ಸಭಾಂಗಣದ ಮೆಟ್ಟಿಲಿಳಿಯುವಾಗ, ಅಲ್ಲೂ ಕಂಬಿಯ ಕಡೆ ಸವೆದಿದ್ದ ಬದಿಯಲ್ಲೇ ಕಾಲಿಡುತ್ತಾ, ಮೆಲ್ಲಗೆ ಕೇಳಿದರು.

"ಹೊಟ್ಟೆಕಿಚ್ಚಿನ ನಂಬರ್ ಈಗ ಎಷ್ಟಿದೆ ರೀ?"

ಕನ್ನಡಕದವರು ಕಂಬಿ ಹಿಡಿದು ನಿಂತು, ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಎರಡೂ ಗಾಜು ಒರೆಸಿ, ಮತ್ತೆ ಹಾಕಿಕೊಂಡು, ಕುರ್ಚಿಯಲ್ಲಿ ಕೂತವರಿಗೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದರು: "ಪಾಯಿಂಟ್ ಟೂ ಫೈವ್."