ಖಾಲಿ ಎಂದು ಬರೆಸಿದ ಮನೆ

ನಾರಾಯಣಪೇಟೆಯಲ್ಲಿ ನನ್ನ ಸೋದರತ್ತೆಯ ಮನೆಯನ್ನು ಸರ್ಕಾರದ ವಹಿಯಲ್ಲಿ ಖಾಲಿ ಎಂದು ಬರೆಸಿದವನು ನಾನು. ಇದನ್ನು ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದಾಗಲೂ ಕೇಳಿದವರು ಅದು ಬರೆದುಕೊಂಡವನ ತಪ್ಪು ಎಂದರು. ಅವರು ಅಲ್ಲಿರಲಿಲ್ಲ.

ಆಗ ನಿಜಾಮರ ಕಾಲ. ನಾನು ಹೈದರಾಬಾದಿನಲ್ಲಿ ಕಾಲೇಜು ಮುಗಿಸಿ ಊರಿಗೆ ಬಂದು ಕೆಲಸಕ್ಕಾಗಿ ಕಾಯುತ್ತಿದ್ದೆ. ಓದಿದ್ದೆಲ್ಲ ಉರ್ದುವಿನಲ್ಲಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ನೇಕಾರರ ಕೇರಿಗೆ ಯಾವ ಕಾಗದ ಬಂದರೂ ಓದಿ ಹೇಳಲು ನನ್ನನ್ನೇ ಕರೆಯುತ್ತಿದ್ದರು. ಆ ವರ್ಷ ಬಂದ ಕಾಗದ ಕೇರಿಯನ್ನೇ ಎಬ್ಬಿಸುವುದಾಗಿತ್ತು. ಮಕ್ತಲ್ ರಸ್ತೆಯನ್ನು ಅಗಲ ಮಾಡಲು ಒಂದು ಸಾಲು ಮನೆಗಳನ್ನು ಕೆಡವಬೇಕು. ಮನೆ ಕಳೆದುಕೊಂಡವರಿಗೆ ಮರಿಕಲ್ ದಾರಿಯ ಬಯಲಿನಲ್ಲಿ ಜಾಗ, ಗುಡಿಸಲಿಗೆ ಬಿದಿರು ಮತ್ತು ಹುಲ್ಲು, ಸಾಮಾನು ಸಾಗಿಸಲು ಬಂಡಿ ಕೊಡುತ್ತಾರೆ. ಮಗ್ಗದ ಮೇಲಿರುವ ಸೀರೆ ಮುಗಿಸಿಕೊಳ್ಳಲು ಒಂದು ತಿಂಗಳ ವಾಯಿದೆಯೂ ಇತ್ತು. ಓದುತ್ತ ಓದುತ್ತ ನನಗೆ, ಇಷ್ಟು ವಿಚಾರ ಮಾಡಿ ಬರೆದಿದ್ದಾರಲ್ಲ ಎಂದು ಅಭಿಮಾನವೇ ಬಂತು. ಕೊನೆಯ ಸಾಲಿನಲ್ಲಿ, ಜನ ವಾಸವಿಲ್ಲದ ಖಾಲಿ ಮನೆಗಳಿಗೆ ಏನೂ ಸಿಗುವುದಿಲ್ಲ, ವಾಯಿದೆಯ ಅಗತ್ಯವಿಲ್ಲದ್ದರಿಂದ ಅವನ್ನು ಮೊದಲು ಕೆಡವಲಾಗುವುದು ಎಂದಿತ್ತು. ಅದನ್ನೂ ಓದಿದೆ. ಕೇರಿಯಲ್ಲಿ ಖಾಲಿ ಮನೆ ಒಂದೂ ಇಲ್ಲದ್ದರಿಂದ ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಅತ್ತೆಗೆ ಆಗ ನಲವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಆ ಮನೆ, ಅದರೊಳಗಿನ ಕುಣಿಮಗ್ಗ, ಇಷ್ಟೇ ಅವಳದು. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ನೇಯುವ ಮಗ್ಗ ಅದು. ಬೇರೆಯವರ ಮನೆಯಲ್ಲಿ ಇರಲು ಜಾಗ ಕೇಳಬಹುದು, ಅವರ ನೆಲ ಅಗೆಯುತ್ತೇನೆಂದು ಕೇಳಲಾಗುವುದಿಲ್ಲ. ಬಯಲಿನಲ್ಲಿ ಅವಳಿಗೊಂದು ತುಂಡು ನೆಲ ಸಿಗದಿದ್ದರೆ ಅವಳ ನೇಯ್ಗೆ ಅಲ್ಲಿಗೆ ಮುಗಿಯುತ್ತಿತ್ತು.

ತಾಲೂಕು ಕಚೇರಿಯಿಂದ ಗಿರ್ದಾವರ, ಅಂದರೆ ಕಂದಾಯದ ತನಿಖೆಯವನು, ಮನೆ ಮನೆ ಬರೆದುಕೊಳ್ಳಲು ಬಂದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಮಾತು ದಾಟಿಸಲು ನಾನು ಜೊತೆಗೆ ನಡೆದೆ. ಸರ್ಕಾರದ ಮನುಷ್ಯ ಕೇರಿಗೆ ಕಾಲಿಟ್ಟನೆಂದರೆ ಅತ್ತೆ ಬಾಗಿಲಿಗೆ ಚಿಲಕ ಹಾಕಿ ಪಕ್ಕದ ಮನೆಯ ಕಟ್ಟೆಯ ಮೇಲೆ ಹೋಗಿ ಕೂರುವಳು. ಮಗ್ಗ ಕಣ್ಣಿಗೆ ಬಿದ್ದರೆ ಹೊಸ ತೆರಿಗೆ ಹುಟ್ಟುತ್ತದೆಂಬ ಹೆದರಿಕೆ ಅವಳಿಗೆ ಅವಳ ಅತ್ತೆಯಿಂದ ಬಂದದ್ದು. ಅವತ್ತೂ ಹಾಗೇ ಕುಳಿತು ನೂಲು ಸುತ್ತುತ್ತಿದ್ದಳು. ಗಿರ್ದಾವರ ಮುಚ್ಚಿದ ಬಾಗಿಲು ತೋರಿಸಿ, ಇದರಲ್ಲಿ ಯಾರಿದ್ದಾರೆ, ಏನಿದೆ ಎಂದು ಉರ್ದುವಿನಲ್ಲಿ ಕೇಳಿದ. ಬಿಸಿಲು ಏರಿತ್ತು. ನಾನು ಎರಡು ಪ್ರಶ್ನೆಗಳನ್ನು ಒಂದು ಮಾಡಿದೆ.

“ಅತ್ತಿ, ಒಳಗ ಏನೈತಿ ಅಂತ ಕೇಳಾಕತ್ಯಾರ.”

“ಏನಿರ್ತೈತಪ್ಪಾ. ಖಾಲಿ ಐತಿ ಅನ್ನು.”

ಕಟ್ಟೆಯ ಮನೆಯ ಮುದುಕಿ ದನಿಗೂಡಿಸಿದಳು. “ಹೌದ್ರೀ ಸಾಹೇಬ್ರ, ಪೂರಾ ಖಾಲಿ. ಇಲಿ ಸೈತ ಬ್ಯಾಸತ್ತು ಮಕ್ತಲ್ಕ ಹೋಗ್ಯಾವ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಖಾಲಿ ಎಂಬ ಮಾತು ನಮಗೂ ಉರ್ದುವಿಗೂ ಒಂದೇ, ಅದನ್ನು ದಾಟಿಸುವ ಕೆಲಸವಿರಲಿಲ್ಲ. ಗಿರ್ದಾವರ ಖಾತ್ರಿಗಾಗಿ ನನ್ನ ಮುಖ ನೋಡಿದ, ನಾನು ತಲೆಯಾಡಿಸಿದೆ. ಮನೆಯಲ್ಲಿ ತೆರಿಗೆ ಹಾಕುವಂಥದ್ದೇನೂ ಇಲ್ಲ ಎಂದು ಅತ್ತೆ ಹೇಳಿದ್ದಳು. ಮನೆಯಲ್ಲಿ ಯಾರೂ ಇಲ್ಲ ಎಂದು ಅವನು ಬರೆದ.

ಗುರುವಾರ ಚಾವಡಿಯ ಗೋಡೆಗೆ ಪಟ್ಟಿ ಅಂಟಿಸಿದರು. ಕೇರಿಯವರ ಹೆಸರುಗಳ ಮುಂದೆ ಬಯಲಿನ ಜಾಗದ ನಂಬರು. ಅತ್ತೆಯ ಮನೆಯ ಮುಂದೆ ಆ ಒಂದು ಮಾತು. ಕೆಳಗೆ, ಖಾಲಿ ಮನೆ ಕೆಡವುವ ಕೆಲಸ ಸೋಮವಾರದಿಂದ. ಓದಿದವನೇ ಅಲ್ಲಿಂದ ಓಡಿದೆ. ಗಿರ್ದಾವರನನ್ನು ಹುಡುಕಿ ಹೇಳಿದೆ. ಅವನು ಕೆಟ್ಟ ಮನುಷ್ಯನಲ್ಲ, ಬೇಸರಪಟ್ಟ. ಆದರೆ ಶಾಯಿಯಲ್ಲಿ ಬರೆದದ್ದು, ನಕಲು ಮಕ್ತಲ್‌ಗೆ ಹೋಗಿದೆ, ತಹಸೀಲ್ದಾರರ ಸಹಿ ಬಾರದೆ ತಾನು ಮುಟ್ಟುವಂತಿಲ್ಲ ಎಂದ.

ಅತ್ತೆಯನ್ನು ನಮ್ಮ ಮನೆಗೆ ಕರೆತರುವುದು ಸುಲಭವಿತ್ತು. ಆದರೆ ಅವಳು ಹೊರಗೆ ಬಂದರೆ ಮನೆ ನಿಜವಾಗಿಯೂ ಖಾಲಿಯಾಗುತ್ತದೆ ಎಂದು ನನ್ನ ಓದಿದ ತಲೆಗೆ ಹೊಳೆಯಿತು. ಅವಳಿಗೆ ಹೇಳಿಕೊಟ್ಟ ಒಂದೊಂದು ಮಾತೂ ನನಗೆ ನೆನಪಿದೆ.

“ಬಾಗಲಾ ಹಾಕ್ಕೋ. ಯಾರು ಕರದರೂ ತಗೀಬ್ಯಾಡ. ಮಗ್ಗಾ ಮಾತ್ರ ನಿಂದರಸಬ್ಯಾಡ. ಸಪ್ಪಳ ಕೇಳಿದ್ರ ಒಳಗ ಮಂದಿ ಅದಾರ ಅಂತ ಅವರಿಗೇ ತಿಳೀತೈತಿ.”

“ನಿಂದರಸಿದ್ರ ಹೊಟ್ಟಿಗೇನು ತಿನ್ನಲಿ? ನೀ ಲಗೂನ ಹೋಗಿ ಬಾ,” ಎಂದಳು. ನನ್ನ ಮೇಲೆ ಅವಳಿಗೆ ಪೂರ್ತಿ ಭರವಸೆಯಿತ್ತು.

ನಿಜಾಮರ ರಾಜ್ಯದಲ್ಲಿ ಶುಕ್ರವಾರ ಕಚೇರಿಗೆ ರಜೆ. ಶನಿವಾರ ಮಕ್ತಲ್‌ನ ತಹಸೀಲ್ ಕಚೇರಿಯಲ್ಲಿ ದರಖಾಸ್ತು ಹಿಡಿದು ನಿಂತೆ. ಅಲ್ಲಿ ಕಾಗದಪತ್ರ ನೋಡುವ ಪೇಶ್ಕಾರರು ರಾಯಚೂರು ಕಡೆಯವರು, ವಯಸ್ಸಾದವರು. ಎರಡು ಸಲ ಓದಿದರು.

“ವಹಿಯೊಳಗ ಖಾಲಿ ಐತಿ. ನೀವು ಹೆಣ್ಮಗಳು ಅದಾಳ ಅಂತೀರಿ. ಖಾಲಿ ಮನ್ಯಾಗ ಇರಾಕಿ ಅಂದ್ರ, ಕಬ್ಜಾ ಮಾಡ್ಯಾಳ ಅಂತ ಆಗ್ತೈತಿ ನೋಡ್ರಿ.”

“ಅದು ಆಕಿ ಮನೀನ ರೀ. ಆಕಿ ಗಂಡ ಕಟ್ಟಿಸಿದ್ದು.”

“ಹಂಗಾದ್ರ ಖಾಲಿ ಅಂತ ಯಾರು ಬರಸಿದ್ರು?”

“ನಾನ ರೀ.”

ಅವರು ಕನ್ನಡಕದ ಮೇಲಿಂದ ನೋಡಿದರು. “ಕಾಲೇಜ್ ಓದೀರೇನು?”

“ಹೌದ್ರಿ.”

“ಚಲೋ ಓದೀರಿ.”

ಆದರೂ ದರಖಾಸ್ತಿನ ಅಂಚಿನಲ್ಲಿ ಏನೋ ಗೀಚಿ ಕೊಟ್ಟು, ತಹಸೀಲ್ದಾರ ಸಾಹೇಬರು ನೆಂಟರ ಮನೆಗೆಂದು ಗದ್ವಾಲಕ್ಕೆ ಹೋಗಿದ್ದಾರೆ, ಹೊಳೆ ದಾಟಿ ಹೋದರೆ ಸಿಗಬಹುದು ಎಂದರು. ಜೂರಾಲದ ಹತ್ತಿರ ಕೃಷ್ಣೆ ದಾಟಬೇಕಿತ್ತು. ಗಾಳಿ ಎದ್ದಿದ್ದರಿಂದ ಹರಗೋಲಿನವನು ಮರುದಿನ ಮಧ್ಯಾಹ್ನದವರೆಗೆ ನೀರಿಗಿಳಿಯಲಿಲ್ಲ. ದಂಡೆಯ ಮರಳಿನಲ್ಲಿ ಕುಳಿತು ನಾನು ಆಚೆಯ ದಂಡೆಯನ್ನು ನೋಡಿದೆ. ಗದ್ವಾಲ ಮುಟ್ಟಿದಾಗ ಸಾಹೇಬರು ಮಲಗಿದ್ದರು. ಅವರು ಏಳುವವರೆಗೆ ಜಗುಲಿಯ ಮೇಲೆ ಕಾದೆ. ಎದ್ದವರು ಸಮಾಧಾನದಿಂದಲೇ ಕೇಳಿದರು, ತಾವೇ ಬರೆದರು: ವಾಸವಿರುವುದು ಪ್ರತ್ಯಕ್ಷವಾಗಿ ಸಾಬೀತಾದರೆ ಜಾಗ ಕೊಡುವುದು, ಅಲ್ಲಿಯವರೆಗೆ ಮನೆ ಮುಟ್ಟಬಾರದು. ಕಾಗದ ಜೇಬಿಗೆ ಸೇರಿದಾಗ ಭಾನುವಾರ ಸಂಜೆಯಾಗಿತ್ತು, ಹರಗೋಲು ನಿಂತಿತ್ತು.

ಸೋಮವಾರ ಮೊದಲ ಹರಗೋಲಿಗೆ ಹೊಳೆ ದಾಟಿ, ಮಕ್ತಲ್‌ವರೆಗೆ ಬಂಡಿ ಹತ್ತಿ, ಅಲ್ಲಿ ಪರಿಚಯದವರೊಬ್ಬರ ಸೈಕಲ್ಲು ಬೇಡಿ ತುಳಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕೇರಿಗೆ ಬಂದೆ. ಮಗ್ಗಗಳ ಸದ್ದು ಕೇಳಿಸಿತು. ಆ ಸದ್ದಿಗೆ ನನಗೆ ಎಷ್ಟು ಸಮಾಧಾನವಾಯಿತೆಂದರೆ ಸೈಕಲ್ಲಿನಿಂದ ಇಳಿದು ಬೆವರು ಒರೆಸಿಕೊಂಡೆ. ಆ ಬೆವರು ಒರೆಸಿಕೊಂಡ ಹೊತ್ತನ್ನು ಈಗಲೂ ಅಳೆಯುತ್ತಿರುತ್ತೇನೆ. ಪಂಚೆಯ ತುದಿ ಎತ್ತಿ, ಮುಖ, ಆಮೇಲೆ ಕತ್ತು.

ನೇಕಾರರ ಕೇರಿಯಲ್ಲಿ ಹುಟ್ಟಿದವನಿಗೆ ಹೊಳೆಯಬೇಕಾದದ್ದು ನನಗೆ ಹೊಳೆದಿರಲಿಲ್ಲ. ವಾಯಿದೆಯೊಳಗೆ ಸೀರೆ ಮುಗಿಸಬೇಕೆಂದು ಆ ವಾರ ಪ್ರತಿ ಮನೆಯೂ ಎಂದಿಗಿಂತ ಜೋರಾಗಿ ನೇಯುತ್ತಿತ್ತು. ಗೋಡೆಗೆ ಗೋಡೆ ಅಂಟಿದ ಸಾಲಿನಲ್ಲಿ ಯಾವ ಸದ್ದು ಯಾರ ಮನೆಯದು ಎಂದು ಹೊರಗೆ ನಿಂತವರಿಗೆ ತಿಳಿಯುವುದಿಲ್ಲ. ಒಳಗಿನವರಿಗೂ ತಮ್ಮ ಮಗ್ಗದ ಹೊರತು ಬೇರೇನೂ ಕೇಳುವುದಿಲ್ಲ. ಕೆಲಸದ ಮೇಸ್ತ್ರಿ ಎಲ್ಲ ಸರಿಯಾಗಿಯೇ ಮಾಡಿದ್ದ. ಬಾಗಿಲು ಬಡಿದಿದ್ದ, ಒಳಗೆ ಯಾರಾದರೂ ಇದ್ದೀರಾ ಎಂದು ತೆಲುಗಿನಲ್ಲಿ ಮೂರು ಸಲ ಕೂಗಿದ್ದ, ಪಟ್ಟಿ ನೋಡಿದ್ದ. ಆಮೇಲೆ ಆಳುಗಳನ್ನು ಹಿತ್ತಲಿಗೆ ಕರೆದೊಯ್ದು ಹಿಂಗೋಡೆಯ ಬುಡ ಅಗೆಸಿ ಮೇಲೆ ಹಗ್ಗ ಹಾಕಿಸಿದ್ದ.

ನಾನು ಹಿತ್ತಲ ಸಂದಿಗೆ ತಿರುಗಿದಾಗ ಹಗ್ಗ ಬಿಗಿಯಾಗಿತ್ತು. ಗೋಡೆಯ ತಲೆಯಿಂದ ಸಣ್ಣ ಮಣ್ಣು ಸುರಿಯುತ್ತಿತ್ತು. ನನಗೆ ಮೂರು ಭಾಷೆಗಳಲ್ಲಿ ನಿಲ್ಲಿಸಿ ಎನ್ನಲು ಬರುತ್ತದೆ. ಒಂದರಲ್ಲೂ ಬಾಯಿಗೆ ಬರಲಿಲ್ಲ. ಕಾಗದ ಮೇಲೆತ್ತಿ ಹಿಡಿದು “ಅತ್ತಿ, ಅತ್ತಿ” ಎಂದಷ್ಟೇ ಕೂಗಿದೆ. ಆಳುಗಳು ನಾನು ಯಾರನ್ನೋ ಕರೆಯುತ್ತಿದ್ದೇನೆ ಎಂದುಕೊಂಡರು. ಒಬ್ಬ ನನ್ನ ಕಡೆ ತಿರುಗಿ ನೋಡಿದ, ಹಗ್ಗ ಬಿಡಲಿಲ್ಲ. ಗೋಡೆ ಎಳೆದ ಕಡೆಗೆ ಬಾಗಲಿಲ್ಲ. ಬುಡ ಸವೆದಿದ್ದರಿಂದ ನಡುವೆ ಮುರಿದು ಒಳಗೆ ಕುಸಿಯಿತು, ಅದರ ಹಿಂದೆಯೇ ಮಣ್ಣಿನ ಮಾಳಿಗೆಯ ಅರ್ಧ ಸೂರು.

ಧೂಳು ಇಳಿಯುವವರೆಗೆ ಕೇರಿಯ ಮಗ್ಗಗಳು ನಡೆದೇ ಇದ್ದವು. ಒಂದೊಂದಾಗಿ ನಿಂತದ್ದು ಆಮೇಲೆ.

ಮೊದಲು ಒಳಗೆ ಹಾರಿದವನು ಮೇಸ್ತ್ರಿ. ಮಣ್ಣಿನ ಹೆಂಟೆಗಳ ನಡುವೆ ಯಾರೋ ಉಟ್ಟ ಹಸಿರು ಸೀರೆಯ ತುದಿ ಕಂಡು ತಲೆ ಚಚ್ಚಿಕೊಂಡ. ಮಗ್ಗದ ಮೇಲಿನ ಮರ ಅಡ್ಡ ಬಿದ್ದು ಕುಣಿಯ ಬಾಯಿಯನ್ನು ಅರ್ಧ ಮುಚ್ಚಿತ್ತು. ಅದರ ಕೆಳಗೆ ಅತ್ತೆ ಮಡಚಿಕೊಂಡು ಕೂತಿದ್ದಳು, ಬಲಗೈ ಮರದಡಿ ಸಿಕ್ಕಿತ್ತು. ಅವಳನ್ನು ಎತ್ತಬೇಕಾದರೆ ಮಗ್ಗಕ್ಕೆ ಉದ್ದಕ್ಕೂ ಬಿಗಿದ ಹಾಸಿನ ನೂಲನ್ನೆಲ್ಲ ಕತ್ತರಿಸಬೇಕಿತ್ತು. ಯಾರೋ ನನ್ನ ಕೈಗೆ ಕುಡುಗೋಲು ಕೊಟ್ಟರು.

“ಹಾಸು ಕೊಯ್ಯಬ್ಯಾಡ್ರಿ,” ಎಂದಳು ಅತ್ತೆ. ಬಾಯಿ ತುಂಬ ಮಣ್ಣಿತ್ತು. “ಇನ್ನ ಮೊಳ ಅಷ್ಟ ಉಳದೈತಿ.”

ನಾನು ಕೊಯ್ದೆ.

ಸುದ್ದಿ ಮುಟ್ಟಿ ಗಿರ್ದಾವರ ಓಡಿ ಬಂದ. ಅತ್ತೆಯನ್ನು ಕಟ್ಟೆಯ ಮೇಲೆ ಮಲಗಿಸಿ ನೀರು ಕುಡಿಸುತ್ತಿದ್ದರು. ಅವನು ನನ್ನ ಕೈಯಿಂದ ಕಾಗದ ತೆಗೆದುಕೊಂಡು ಓದಿದ. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು, ವಾಸವಿದ್ದುದು ಪ್ರತ್ಯಕ್ಷವಾಗಿ ಸಾಬೀತಾಗಿದೆ ಎಂದು ಬರೆದ. ಗೋಡೆ ಅವಳ ಮೇಲೆ ಬೀಳದಿದ್ದರೆ ಆ ಸಾಬೀತಿಗೆ ಎಷ್ಟು ತಿಂಗಳು ಬೇಕಾಗುತ್ತಿತ್ತೋ ಎಂಬ ಲೆಕ್ಕ ಅವತ್ತೇ ನನ್ನ ತಲೆಗೆ ಬಂತು. ಬಂದದ್ದಕ್ಕೆ ನಾಚಿಕೆಯಾಯಿತು.

ಜಾಗ ಸಿಕ್ಕಿತು. ಒಳ್ಳೆಯ ಜಾಗಗಳೆಲ್ಲ ಹಂಚಿಹೋಗಿದ್ದವು. ಅತ್ತೆಗೆ ಬಂದದ್ದು ಹಳ್ಳದ ಪಕ್ಕದ ಕೊನೆಯದು, ಎರೆಮಣ್ಣು. ಕುಣಿ ತೋಡಿದರೆ ಮಗ್ಗುಲು ಕುಸಿಯುತ್ತಿತ್ತು, ಒಂದು ಮಳೆಗೆ ನೀರು ನಿಲ್ಲುತ್ತಿತ್ತು. ಮೂರು ಸಲ ನಾನೇ ತೋಡಿದೆ. ನಾಲ್ಕನೆಯ ಸಲ ಸುತ್ತ ಕಲ್ಲು ಕಟ್ಟಿದ ಮೇಲೆ ನಿಂತಿತು. ಅಷ್ಟರಲ್ಲಿ ಅವಳ ಬಲಗೈಯ ಎರಡು ಬೆರಳು ಮಡಚದೆ ಉಳಿದಿದ್ದವು. ಲಾಳಿಯನ್ನು ಎಡಗೈಯಿಂದ ಎಸೆಯಲು ಹೊಸದಾಗಿ ಕಲಿತಳು.

ಅಲ್ಲಿ ಅವಳು ಮೊದಲ ದಿನ ನೇಯಲು ಕುಳಿತಾಗ ನಾನು ಗುಡಿಸಲ ಬಾಗಿಲಲ್ಲಿ ನಿಂತಿದ್ದೆ. ಅವಳು ತಲೆ ಎತ್ತಲಿಲ್ಲ.

“ಮ್ಯಾಲ ಏನ್ ನೋಡಾಕತ್ತಿ?”

“ಏನಿಲ್ಲ.”

“ಬಿದಿರಿನ ತಡಿಕಿ ಐತಿ ತಮ್ಮಾ. ಬಿದ್ರ ನಾನ ಎತ್ತಿ ಬದಿಗೆ ಇಡ್ತೀನಿ. ನೀ ಹೋಗು. ನೀ ಹಿಂಗ ನಿಂತ್ರ ನನಗ ಅಂಜಿಕಿ ಬರ್ತೈತಿ.”

ಹೋದವನಂತೆ ಮಾಡಿ, ಅವಳಿಗೆ ಕಾಣದ ಕಡೆ ತಡಿಕೆಗೆ ಬೆನ್ನು ಕೊಟ್ಟು ಕುಳಿತೆ. ಹೊತ್ತು ಇಳಿಯುವಾಗ ಅವಳು ಹೊರಗೆ ಬಂದು ನನ್ನನ್ನು ಕಂಡಳು. ಬೈಯಲಿಲ್ಲ. ಆ ಬಲಗೈಯಲ್ಲಿ ಅವಳಿಗೆ ಇನ್ನೂ ಹಿಟ್ಟು ನಾದಲು ಬರುತ್ತಿರಲಿಲ್ಲ. ಹಿಟ್ಟಿನ ಪರಾತ ತಂದು ನನ್ನ ಮುಂದಿಟ್ಟು, ನೀರು ಹನಿಸುತ್ತ ಎದುರಿಗೆ ಕುಳಿತಳು.