ಬಯಲಲ್ಲಿ ಕೂತ ಹಾಲಪ್ಪನೂ ಶಿವಮ್ಮಾಯಿಯೂ

ಶಿವಮ್ಮಾಯಿ ಹಾಲಪ್ಪನ ಕಥೆ ಶುರು ಮಾಡಿದಳೆಂದರೆ ಮೋರಖಂಡಿಯ ಹೊಲದಲ್ಲಿ ದುಡಿಯುತ್ತಿದ್ದವರು ಕುಡುಗೋಲು ಕೆಳಗಿಟ್ಟು ಬರುತ್ತಿದ್ದರು. ಕಲ್ಯಾಣದಲ್ಲಿ ಗಲಭೆ ಎದ್ದಾಗ ಓಡಿಬಂದ ಶರಣರನ್ನು ಕುರಿಹಿಂಡಿನ ನಡುವೆ ಕಂಬಳಿ ಹೊದಿಸಿ ಬಚ್ಚಿಟ್ಟು, ರಾಜನ ದಂಡಿನ ಕೈಲಿ ಸತ್ತ ಕುರುಬ ಈ ಹಾಲಪ್ಪ. ಯಾವ ಪುಸ್ತಕದಲ್ಲೂ ಅವನ ಹೆಸರಿಲ್ಲ ಎಂದು ನಾನೊಮ್ಮೆ ಬಾಯಿಬಿಟ್ಟೆ.

“ಪುಸ್ತಕ ಬರದವ್ರು ಕುರಿ ಕಾದಾರೇನು? ಸುಮ್ಮ ಕುಂತು ಕೇಳು ತಮ್ಮಾ,” ಎಂದು ಗದರಿದಳು.

ಕುರಿ ಕಾಯುತ್ತಲೇ ಮುದುಕಿಯಾದವಳು. ಎರಡೂ ಕೈ ಎತ್ತಿ, ಕಣ್ಣರಳಿಸಿ, ದಂಡು ಈಗಲೇ ಗುಡ್ಡ ಇಳಿಯುತ್ತಿದೆ ಎನ್ನುವಂತೆ ಹೇಳುತ್ತಿದ್ದಳು. ಎಷ್ಟು ಸಲ ಕೇಳಿದರೂ ನಾನು ಗುಡ್ಡದ ಕಡೆ ತಿರುಗಿ ನೋಡುತ್ತಿದ್ದೆ.

ನನ್ನದು ಹುಮನಾಬಾದಿನಲ್ಲಿ ವೆಲ್ಡಿಂಗ್ ಅಂಗಡಿ. ಕೆಲಸಕ್ಕೆಂದು ಮೋರಖಂಡಿಗೆ ಹೋದಾಗಲೆಲ್ಲ ಆಯಿಯ ಕಥೆ ಕೇಳಿಯೇ ಬರುತ್ತಿದ್ದೆ. ಬಯಲಲ್ಲಿದ್ದ ಹಾಲಪ್ಪನ ಗದ್ದುಗೆಗೆ ತಗಡಿನ ಶೆಡ್ ಹಾಕಲು ಊರಿನ ಕಮಿಟಿಯವರು ಕರೆಸಿದರು. ಟೆಂಪೊ ತುಂಬ ತಗಡು ಹೇರಿಕೊಂಡು ಹೋದರೆ ಆಯಿ ಗದ್ದುಗೆಗೆ ಒರಗಿ ಕೂತುಬಿಟ್ಟಿದ್ದಾಳೆ!

“ಏಳ್ರಿ ಆಯಿ, ಅಪ್ಪ ಬಿಸಲಾಗ ಸುಡಾಕತ್ತಾನ,” ಎಂದ ಕಮಿಟಿಯ ಹಿರಿಯ ಮಲ್ಲಣ್ಣ.

“ಕುರಿ ಬಿಸಲಾಗಿದ್ರ ಅವ ನೆರಳಾಗ ಕುಂದ್ರಾಂವಲ್ಲ. ಹಂಗ ಕುಂತ್ರ ಅವ ನಮ್ಮ ಹಾಲಪ್ಪನೂ ಅಲ್ಲ.”

ಮಾತಿಗೆ ಮಾತು ಬೆಳೆಯಿತು. ಇಂಥ ತಕರಾರಿಗೆ ಅಲ್ಲಿಯವರದೊಂದು ಪದ್ಧತಿ ಇದೆ. ಟಗರಿನ ಹಣೆಗೆ ಭಂಡಾರದ ಅರಿಶಿನ ಹಚ್ಚಿ ಬಿಡುತ್ತಾರೆ. ಅದು ಎಲ್ಲಿ ಮಲಗುತ್ತದೋ ಅದೇ ಹಾಲಪ್ಪನ ಮಾತು. ಗದ್ದುಗೆಯ ಹತ್ತಿರ ಮಲಗಿದರೆ ಶೆಡ್ಡು, ಕುರಿದೊಡ್ಡಿಯಲ್ಲಿ ಮಲಗಿದರೆ ಇಲ್ಲ ಎಂದು ಇಬ್ಬರೂ ಒಪ್ಪಿದರು.

ಟಗರು ಗದ್ದುಗೆ ಮೂಸಿತು. ಆಯಿಯ ಮುಖ ಬಿಳಿಚಿತು. ಕೈಗೆ ಬಂದ ಕೆಲಸ ಹೋದರೆ ಹೋಗಲಿ, ಆಯಿ ಗೆಲ್ಲಲಿ ಎಂದು ನಾನು ಒಳಗೊಳಗೇ ಹರಕೆ ಹೊತ್ತೆ. ಟಗರು ದೊಡ್ಡಿಯ ಕಡೆ ಹೊರಟಿತು, ನಿಂತಿತು, ತಿರುಗಿ ಬಂದು ನನ್ನ ಟೆಂಪೊದ ಕೆಳಗಿನ ನೆರಳಿಗೆ ನುಸುಳಿ ಮಲಗಿಬಿಟ್ಟಿತು.

ಮಲ್ಲಣ್ಣ ಬಾಯಿ ತೆರೆಯುವಷ್ಟರಲ್ಲಿ ಆಯಿ ಎದ್ದು ನಿಂತಳು.

“ನೋಡ್ರಿ, ನೆರಳು ಯಾರಿಗೆ ಬೇಕಂತ ಅಪ್ಪನೇ ಹೇಳ್ಯಾನ.”

ಮಲ್ಲಣ್ಣನಿಗೇ ಮೊದಲು ನಗು ಬಂತು. ಅವತ್ತು ತಗಡೆಲ್ಲ ಕುರಿದೊಡ್ಡಿಯ ಮೇಲೆ ಏರಿತು. ಅಷ್ಟು ಖುಷಿಯಿಂದ ನಾನು ಇನ್ನೆಲ್ಲೂ ವೆಲ್ಡಿಂಗ್ ಮಾಡಿಲ್ಲ.

ಈ ವರ್ಷ ಆಯಿ ಹೋದಳು. ದೊಡ್ಡಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಸ್ವಲ್ಪ ದಿನಕ್ಕೆ ಮಲ್ಲಣ್ಣ ಫೋನ್ ಮಾಡಿ, “ಆಯಿ ಗದ್ದುಗಿಗೆ ಒಂದು ಶೆಡ್ ಹಾಕ್ಬೇಕ್ರಿ,” ಎಂದ. ಹೋಗಿ ನೋಡಿದರೆ ಯಾರೋ ಆಗಲೇ ಮೊದಲ ಸಲ ಮರಿ ಹಾಕಿದ ಕುರಿಯ ಹಾಲು ಎರೆದು ಹೋಗಿದ್ದರು. ಅಳತೆ ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದನ್ನು ಅವನು. ಬಿಸಿಲು ಚುರುಗುಟ್ಟುತ್ತಿತ್ತು. ಮಲ್ಲಣ್ಣ ಟೇಪು ಕೈಬಿಟ್ಟ.

“ಬ್ಯಾಡ ಬಿಡ್ರಿ,” ಎಂದ, “ಬೈತಾಳ.”