ಜಲ್ಲಿಗೆ ಸಗಣಿ ಸಾರಿಸಿದ ದಿನ

ಹಳೇಬೀಡಿನಲ್ಲಿ ದೇವಸ್ಥಾನದಿಂದ ಕೂಗಳತೆಯ ದೂರದಲ್ಲಿ ನಮ್ಮದೊಂದು ಹೋಟೆಲಿತ್ತು. ಹೋಟೆಲೆಂದರೆ ಮುಂದಿನ ಪಡಸಾಲೆಯಲ್ಲಿ ನಾಲ್ಕು ಮೇಜು, ಹಿಂದೆ ನಾವಿರುವ ಮನೆ, ನಡುವೆ ದೊಡ್ಡದೊಂದು ಒಲೆ. ಒಲೆಯ ಮುಂದೆ ನನ್ನ ಗಂಡ, ಗಲ್ಲಾದ ಮುಂದೆ ನಾನು, ನಮ್ಮಿಬ್ಬರ ಮೇಲೆ ನಮ್ಮತ್ತೆ. ಅರವತ್ತರ ದಶಕದ ಶುರುವಿನ ಮಾತಿದು. ಆಗ ಅರಸೀಕೆರೆಯಿಂದ ಬರುವ ಬಸ್ಸು, ಬೇಲೂರಿನಿಂದ ಬರುವ ಬಸ್ಸು ಎರಡೂ ನಮ್ಮ ಹೋಟೆಲಿನ ಮುಂದಿನ ಅಂಗಳಕ್ಕೇ ತಿರುಗಿ ನಿಲ್ಲುತ್ತಿದ್ದವು. ಅಂಗಳ ನಮ್ಮದೇ, ಮಾವನವರ ಕಾಲದಿಂದ ಬಂದದ್ದು. ದೇವಸ್ಥಾನ ನೋಡಲು ಬಂದವರಿಗೆ ಇಳಿದ ಕೂಡಲೇ ಕಾಣುತ್ತಿದ್ದದ್ದು ನಂದಿಯೂ ಅಲ್ಲ, ಶಿಲ್ಪವೂ ಅಲ್ಲ, ನಮ್ಮ ಇಡ್ಲಿಯ ಹಬೆ. ಬಸ್ಸು ನಿಂತರೆ ನಮ್ಮ ಒಲೆ ಉರಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ.

ಅಂಗಳದ ಒಂದೇ ತಕರಾರೆಂದರೆ ಮಳೆ. ನಾಲ್ಕು ಹನಿ ಬಿದ್ದರೆ ಸಾಕು, ಅಲ್ಲಿ ಕೆಸರು ಕಲಸಿದಂತಾಗುತ್ತಿತ್ತು. ಹಿಂದಿನ ಮಳೆಗಾಲದಲ್ಲಿ ಬಸ್ಸಿನ ಹಿಂದಿನ ಚಕ್ರ ಹೂತುಹೋಗಿ, ಜನರೆಲ್ಲ ಇಳಿದು ತಳ್ಳಿ, ಪೇಟೆಯ ಕಡೆಯ ದೊಡ್ಡ ಮನುಷ್ಯರೊಬ್ಬರ ಬಿಳಿ ಪಂಚೆ ಮೊಣಕಾಲಿನವರೆಗೆ ಕೆಂಪಾಗಿತ್ತು. ಅವರು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆ ಬೇಸಿಗೆಯಲ್ಲಿ ಬಸ್ಸಿನ ಏಜೆಂಟು ಬಂದು, ನಮ್ಮದೇ ಕಾಫಿ ಕುಡಿಯುತ್ತಾ, ತಣ್ಣಗೆ ಹೇಳಿದ:

"ಬಸ್ಸಿನ ಯಜಮಾನ್ರು ಹೇಳವ್ರೆ ಕಣಮ್ಮ. ಈ ಸಲ ಮಳೆ ಹಿಡೀತಿದ್ದಂಗೆ ಬಸ್ಸು ಇಲ್ಲಿಗೆ ತಿರುಗ್ಸಲ್ಲ. ಕೆರೆ ಏರಿ ಹತ್ರ ಗಟ್ಟಿ ನೆಲ ಐತೆ, ಅಲ್ಲೇ ನಿಲ್ಸೋದು."

ಕೆರೆ ಏರಿಯ ಹತ್ತಿರ ಇನ್ನೊಂದು ಹೋಟೆಲಿತ್ತು. ಆ ಹೋಟೆಲಿನವನು ಏಜೆಂಟನಿಗೆ ಹತ್ತಿರದ ನೆಂಟ. ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತವರು ಅರಸೀಕೆರೆ. ನಮ್ಮಪ್ಪನ ಮನೆಯ ಎದುರಿಗೇ ಕೊಬ್ಬರಿ ಮಂಡಿ. ಅದರ ಅಂಗಳಕ್ಕೆ ಯಾವಾಗಲೋ ಡಾಂಬರು ಹಾಕಿಸಿದ್ದರು. ಸುರಿಯುವ ಮಳೆಯಲ್ಲೂ ಲಾರಿಗಳು ಅಲ್ಲಿ ತಿರುಗುವುದನ್ನು, ಚಕ್ರಕ್ಕೆ ಒಂದು ಹಿಡಿ ಮಣ್ಣೂ ಮೆತ್ತದಿರುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಏಜೆಂಟು ಲೋಟ ಕೆಳಗಿಡುವಷ್ಟರಲ್ಲಿ ನನ್ನ ತೀರ್ಮಾನ ಆಗಿಹೋಗಿತ್ತು.

"ಸರ್ಕಾರದೋರು ರೋಡಿಗೆ ಹಾಕ್ತಾರೆ. ಮನೆ ಅಂಗಳಕ್ಕೆ ಟಾರು ಹಾಕ್ಸಿದೋರ್ನ ನಾನಂತೂ ಕಂಡಿಲ್ಲ ಕಣೇ" ಎಂದರು ನನ್ನ ಗಂಡ.

"ನಾಳೆ ಬಸ್ಸು ಕೆರೆ ಏರಿ ಮ್ಯಾಲೆ ನಿಂತ್ರೆ ಇಡ್ಲಿ ಪಾತ್ರೆ ಹೊತ್ಕೊಂಡು ಅಲ್ಲಿಗೆ ಹೋಯ್ತೀರಾ?" ಎಂದೆ.

ಅವರು ಸಾಂಬಾರು ತಿರುವುವುದಕ್ಕೆ ಹೋದರು. ಅದು ಅವರು ಒಪ್ಪಿಕೊಳ್ಳುವ ರೀತಿ. ಅತ್ತೆಯದು ಅಷ್ಟು ಸಲೀಸಿರಲಿಲ್ಲ. ಬೆಳಗಾದರೆ ಅಂಗಳಕ್ಕೆ ಸಗಣಿ ನೀರು ಹಾಕಿ, ಗುಡಿಸಿ, ರಂಗೋಲಿ ಬಿಡದೆ ಬಾಯಿಗೆ ನೀರೂ ಹಾಕದ ಜೀವ ಅದು. "ಕರೀ ಅಂಗಳಕ್ಕೆ ಲಕ್ಷ್ಮಿ ಬತ್ತಾಳೇನೇ?" ಎಂದು ಮೂಗು ಮುರಿದರು. ಲಕ್ಷ್ಮಿ ಬರುತ್ತಿರುವುದು ಬಸ್ಸಿನಲ್ಲಿ ಎಂದು ನಾನು ಹೇಳಿದೆ. ಆಮೇಲೆ ನನಗಿಂತ ಅವರಿಗೇ ಅವಸರ ಜಾಸ್ತಿಯಾಯಿತು.

ಮಂಡಿಯ ಅಂಗಳ ಮಾಡಿದ್ದ ಮೇಸ್ತ್ರಿ ಅರಸೀಕೆರೆಯವನೇ. ಕೆಲಸ ಗಟ್ಟಿ, ಬಾಯಿ ಇನ್ನೂ ಗಟ್ಟಿ. ಒಂದು ಸಲ ಬಂದು ನೋಡಿ, ಎಲೆಯಡಿಕೆ ಉಗಿದು, ಕೆಮ್ಮಣ್ಣು ಕೆತ್ತಿಸಿ ಜಲ್ಲಿ ಹಾಸಿ ಉರುಳುಗಲ್ಲು ಎಳೆಸಿ ಗಟ್ಟಿ ಮಾಡಿಡಿ ಎಂದ. ಮಳೆಗೆ ಮೊದಲು ತನಗೆ ಒಂದೇ ಒಂದು ದಿನ ಬಿಡುವಿದೆ, ಮಾರನೆಯ ದಿನ ಬಾಣಾವರದಲ್ಲಿ ಬೇರೆ ಕೆಲಸ ಎಂದ. ಹೋಗುವಾಗ ಬೆರಳೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದ: "ಒಂದು ಚಿಟಿಕೆ ಧೂಳು ಇರಬಾರ್ದು. ಧೂಳಿದ್ರೆ ಟಾರು ಹಿಡಿಯಕಿಲ್ಲ."

ಜಲ್ಲಿ ಹಾಸಿದ್ದಾಯಿತು, ಉರುಳುಗಲ್ಲು ಎಳೆದದ್ದೂ ಆಯಿತು. ಗೊತ್ತು ಮಾಡಿದ ದಿನದ ಹಿಂದಿನ ದಿನವೇ ನಾನು ಅರಸೀಕೆರೆಗೆ ಹೊರಟೆ. ಆ ಮೇಸ್ತ್ರಿಯನ್ನು ಎದುರಿಗೆ ಕೂತು ಹೊರಡಿಸದಿದ್ದರೆ ಅವನು ಹೊರಡುವ ಪೈಕಿಯೇ ಅಲ್ಲ. ಹೊರಡುವಾಗ, "ಅತ್ತೇ, ಧೂಳು ಇಲ್ದಂಗೆ ನೋಡ್ಕಳಿ" ಎಂದೆ. "ನಂಗೆ ಹೇಳ್ಕೊಡಕ್ಕೆ ಬಂದ್ಲು" ಎಂದರು ಅತ್ತೆ.

ಮಾರನೆಯ ದಿನ ಬೆಳಗಿನ ತಂಪಿನಲ್ಲೇ ಅರಸೀಕೆರೆಯಿಂದ ಲಾರಿ ಹೊರಟಿತು. ಹಿಂದೆ ಡಾಂಬರಿನ ಪೀಪಾಯಿಗಳು, ಕಾಯಿಸುವ ಕೊಪ್ಪರಿಗೆ, ಕೆಲಸದ ಜನ. ಮುಂದೆ ಡ್ರೈವರ್, ಮೇಸ್ತ್ರಿ, ಕಿಟಕಿಯ ಪಕ್ಕ ನಾನು. ಹಾರನಹಳ್ಳಿಯಲ್ಲಿ ಚಹಾ ಕುಡಿಯುವಾಗ ಮೇಸ್ತ್ರಿ, ತಾನು ಹಾಕಿದ ಟಾರು ತನ್ನ ಮೊಮ್ಮಕ್ಕಳ ಕಾಲಕ್ಕೂ ಕೀಳುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಕೊಚ್ಚಿಕೊಂಡ. ನನಗೂ ಖುಷಿಯಾಗಿತ್ತು. ಇವತ್ತು ಸಂಜೆಯೊಳಗೆ ಆ ಏಜೆಂಟನ ಮುಖ ನೋಡಬೇಕು ಅಂದುಕೊಂಡೆ.

ಹಳೇಬೀಡು ಮುಟ್ಟಿ ಲಾರಿ ನಮ್ಮ ಹೋಟೆಲಿನ ಮುಂದೆ ನಿಂತಿತು. ಅಂಗಳ ನೋಡಿದೆ. ಜಲ್ಲಿಯೇ ಕಾಣಲಿಲ್ಲ. ಆ ತುದಿಯಿಂದ ಈ ತುದಿಯವರೆಗೆ ಸಗಣಿ ಸಾರಿಸಿ ರಾಗಿ ಕಣದಂತೆ ನುಣ್ಣಗೆ ಹಸಿರಾಗಿತ್ತು. ನಡುವೆ ಎತ್ತಿನ ಗಾಡಿಯಷ್ಟು ದೊಡ್ಡ ರಂಗೋಲಿ. ಬಾಗಿಲಲ್ಲಿ ಅತ್ತೆ, ಹಣೆಗೆ ವಿಭೂತಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀದಿಯ ಹೆಂಗಸರನ್ನೆಲ್ಲ ಪಕ್ಕದಲ್ಲಿ ನಿಲ್ಲಿಸಿಕೊಂಡು ನಗುತ್ತಿದ್ದರು. ಪಾಪ, ಊರಿನ ಹಟ್ಟಿಗಳನ್ನೆಲ್ಲ ಸುತ್ತಿ ಸಗಣಿ ತರಿಸಿ ನಸುಕಿಗೇ ಎದ್ದು ಸಾರಿಸಿದ್ದರಂತೆ.

ಮೇಸ್ತ್ರಿ ಇಳಿದ. ಕಾಲ ಹೆಬ್ಬೆರಳಿನಿಂದ ಒಮ್ಮೆ ಕೆರೆದು ನೋಡಿದ. "ಏನ್ರಮ್ಮಾ ಇದು, ಬಸ್ಸು ನಿಲ್ಲಿಸ್ತೀರೋ ರಾಗಿ ಬಡೀತೀರೋ?"

"ಧೂಳು ಇರಬಾರ್ದು ಅಂದೋರು ನೀವೇ ತಾನೇ?" ಎಂದರು ಅತ್ತೆ. "ಎಲ್ಲೈತೆ ಧೂಳು, ತೋರ್ಸಿ ನೋಡಾನ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಧೂಳು ಅಡಗಿಸುವುದೆಂದರೆ ಸಗಣಿ ಸಾರಿಸುವುದು. ಕಾಳಿಗೆ ಮಣ್ಣು ಸೇರದಿರಲಿ ಎಂದು ಕಣ ಸಾರಿಸುತ್ತೇವೆ, ಹಬ್ಬಕ್ಕೆ ಮನೆ ಸಾರಿಸುತ್ತೇವೆ, ಮದುವೆಗೆ ಚಪ್ಪರದ ಕೆಳಗೆ ಸಾರಿಸುತ್ತೇವೆ. ಇಷ್ಟು ದೊಡ್ಡ ಕೆಲಸಕ್ಕೆ ಬರಿ ನೆಲ ಬಿಡುವುದು ಅವರ ಮನಸ್ಸಿಗೆ ಒಪ್ಪಿರಲಿಲ್ಲ. ಆದರೆ ಡಾಂಬರಿಗೆ ಬೇಕಾದದ್ದು ಬರಿ ಕಲ್ಲು. ಸಗಣಿಯ ಮೇಲೆ ಹೊಯ್ದರೆ ಮೊದಲ ಚಕ್ರಕ್ಕೇ ದೋಸೆ ಎದ್ದಂತೆ ಎದ್ದು ಬರುತ್ತದೆ ಎಂದ ಮೇಸ್ತ್ರಿ. ಎಂದವನೇ ಲಾರಿ ಹತ್ತಲು ಹೊರಟ. ಅವನು ಹೋದರೆ ಮತ್ತೆ ಬರುವುದು ಮಳೆಗಾಲ ಕಳೆದ ಮೇಲೆ. ಅಷ್ಟರಲ್ಲಿ ಬಸ್ಸು ಕೆರೆ ಏರಿಗೆ ಒಗ್ಗಿಹೋಗಿರುತ್ತದೆ.

ನನಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು, ಅದೇ ಒಳ್ಳೆಯದಾಯಿತು. ಲಾರಿಯ ಬಾಗಿಲಿಗೆ ಅಡ್ಡ ನಿಂತೆ.

"ಟಾರು ಕಾಯಕ್ಕೆ ಎಷ್ಟು ಹೊತ್ತು ಬೇಕು?"

"ಹೊತ್ತು ನೆತ್ತಿ ಮ್ಯಾಲಿಂದ ಇಳೀಬೇಕು."

"ಒಲೆ ಹಚ್ಚಿ. ಅಷ್ಟರಾಗೆ ಕಲ್ಲು ಕಾಣಿಸ್ತೀನಿ."

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕಲ್ಲು ಕಂಡ್ರೆ ಸುರೀತೀನಿ. ಕಾಣ್ದಿದ್ರೆ ಕಾದ ಟಾರು ಅಂತಾನೂ ನೋಡಕಿಲ್ಲ, ಗಾಡಿ ತಿರುಗಿಸ್ಕೊಂಡು ಹೋಯ್ತೀನಿ."

ನನ್ನ ಗಂಡ ಆಗಲೇ ಎರಡು ಕೊಡ ನೀರು ತಂದು ಸುರಿಯಲು ನಿಂತಿದ್ದರು. "ನೀರು ಮುಟ್ಟಿಸಿದ್ರೆ ಕೆಲಸ ಇಲ್ಲ!" ಎಂದು ಮೇಸ್ತ್ರಿ ಕಿರುಚಿದ. ಕಲ್ಲು ಒದ್ದೆಯಾದರೂ ಡಾಂಬರು ಹಿಡಿಯದು. ಒಣಗಿದ ಸಗಣಿಯನ್ನು ಒಣಗಿದಂತೆಯೇ ಉಜ್ಜಿ ತೆಗೆಯಬೇಕು. ಉಜ್ಜುವುದು ನಮಗೆ ಹೊಸದೇ? ಹೋಟೆಲಿನವರ ಜೀವಮಾನ ಕಳೆಯುವುದೇ ಪಾತ್ರೆ ಉಜ್ಜುವುದರಲ್ಲಿ. ಮನೆಯಲ್ಲಿದ್ದ ತೆಂಗಿನ ನಾರು, ಕರಟ, ಮೊಂಡು ಮಚ್ಚು, ದೋಸೆ ಮೊಗಚುವ ಕೈ ಎಲ್ಲವನ್ನೂ ತಂದು ಅಂಗಳಕ್ಕೆ ಸುರಿದೆ. ಹೋಟೆಲಿನ ಬಾಗಿಲು ಹಾಕಿಸಿದೆ. ಮಾವ ತೀರಿಕೊಂಡ ದಿನ ಬಿಟ್ಟರೆ ಆ ಬಾಗಿಲು ಹಗಲು ಹೊತ್ತು ಮುಚ್ಚಿದ್ದು ಅವತ್ತೇ.

ರಸ್ತೆಯ ಕಡೆಯಿಂದ ಶುರು ಮಾಡಿದೆವು. ನಸುಕಿನಲ್ಲಿ ಸಾರಿಸಿದ್ದ ಹೆಂಗಸರೇ ಈಗ ಕುಕ್ಕರುಗಾಲಲ್ಲಿ ಕೂತು ಉಜ್ಜಿದರು. "ಬೆಳಿಗ್ಗೆ ಬಳಿಯೋದು, ಮಧ್ಯಾಹ್ನ ಕೆರೆಯೋದು, ಎಂಥಾ ಕೆಲಸ ಕೊಟ್ಟೆ ತಾಯಿ" ಎಂದು ಒಬ್ಬಳು ನಗಿಸಿದಳು. ಕರಟದ ಅಂಚಿನಿಂದ ಕೆರೆದು, ನಾರಿನಿಂದ ತಿಕ್ಕಿ, ಪೊರಕೆಯಿಂದ ಗುಡಿಸಬೇಕು. ಜಲ್ಲಿಯ ಸಂದಿಯಲ್ಲಿ ಕೂತದ್ದು ಬೆರಳಿಗೇ ಬರಬೇಕು. ನನ್ನ ಉಗುರು ಕಿತ್ತು ರಕ್ತ ಬಂತು. ಪಕ್ಕದಲ್ಲಿ ಕೊಪ್ಪರಿಗೆ ಕಪ್ಪು ಹೊಗೆ ಬಿಡುತ್ತಿತ್ತು. ಬೇಲೂರಿನ ಬಸ್ಸು ಬಂದು ರಸ್ತೆಯಲ್ಲೇ ನಿಂತು ಹೊರಟುಹೋಯಿತು. ಏಜೆಂಟು ಮರದ ನೆರಳಲ್ಲಿ ಕೈ ಕಟ್ಟಿ ನಿಂತು ನೋಡುತ್ತಿದ್ದ. ಅವನು ನೋಡಿದಷ್ಟೂ ನನ್ನ ಕೈ ಜೋರಾಯಿತು.

ಅತ್ತೆ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಕರೆಯಲಿಲ್ಲ, ನನಗೂ ಸಿಟ್ಟಿತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನನ್ನ ಮಗ್ಗುಲಿಗೇ ಬಂದು ಕೂತಿದ್ದಾರೆ, ಕೈಯಲ್ಲಿ ಹಿಡಿ ನಾರು. ತಪ್ಪಾಯಿತು ಗಿಪ್ಪಾಯಿತು ಎನ್ನುವ ಪೈಕಿಯಲ್ಲ ಅವರು. ನಾನು ಉಜ್ಜಿದ ಜಾಗವನ್ನು ಬಗ್ಗಿ ನೋಡಿ, "ಸಂದೀಲೆಲ್ಲ ಹಂಗೇ ಐತೆ ಕಣೇ. ಹಿಂಗಾ ಉಜ್ಜೋದು?" ಎಂದು ಬೈದು, ಅದನ್ನೇ ಮತ್ತೆ ಉಜ್ಜಿದರು. ಆ ಬೈಗುಳ ಕೇಳಿ ನನಗೆ ಹೋದ ಉಸಿರು ಬಂದಂತಾಯಿತು.

ಹೊತ್ತು ಇಳಿಯಿತು. ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟಿತ್ತು. ಮೇಸ್ತ್ರಿ ಬಂದು ರಸ್ತೆಯ ಕಡೆಯ ಜಲ್ಲಿಯ ಮೇಲೆ ಅಂಗೈ ಒರೆಸಿ, ಅಂಗೈಯನ್ನು ನೋಡಿಕೊಂಡ. ತನ್ನ ಜನಕ್ಕೆ ಕೈ ಬೀಸಿದ. ಕಾದ ಡಾಂಬರು ಸುರಿಯತೊಡಗಿತು. ಅದರ ಮೇಲೆ ಸಣ್ಣ ಜಲ್ಲಿ ಎರಚಿದರು, ಉರುಳುಗಲ್ಲು ಎಳೆದರು. ಮುಂದಿನಿಂದ ಡಾಂಬರು ಬರುತ್ತಿದ್ದರೆ ನಾವು ಉಜ್ಜುತ್ತಾ ಹಿಂದಕ್ಕೆ ಮನೆಯ ಕಡೆ ಸರಿಯುತ್ತಿದ್ದೆವು. ಬಿಸಿ ಮುಖಕ್ಕೆ ರಾಚುತ್ತಿತ್ತು. "ಬೇಗ ಬೇಗ, ಕೊಪ್ಪರಿಗೆ ಕಾಯಕಿಲ್ಲ!" ಎಂದು ಅವನು ಕೂಗಿದರೆ, "ನಾವೇನು ಕಳ್ಳೇಪುರಿ ತಿಂತಾ ಕೂತಿದ್ದೀವಾ?" ಎಂದು ಅತ್ತೆ ತಿರುಗಿ ಕೂಗಿದರು.

ಹೊಸಿಲಿನ ಮುಂದೆ ಒಂದು ಮಾರಿನಷ್ಟು ಪಟ್ಟಿ ಉಳಿದಿತ್ತು. ಅಲ್ಲಿ ಸಗಣಿ ಇನ್ನೂ ಹಾಗೇ ಇತ್ತು. ಅಷ್ಟರಲ್ಲಿ ದಪ್ಪ ದಪ್ಪ ಹನಿ ಬಿದ್ದವು. ನಾನು ಕರಟ ಹಿಡಿದು ಅತ್ತ ಓಡಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಬಿಡು. ಬಸ್ಸು ಇಲ್ಲಿವರ್ಗೂ ಬತ್ತದಾ? ಇದು ನಂಗಿರ್ಲಿ."

ಮೇಸ್ತ್ರಿ ಆ ಪಟ್ಟಿಯನ್ನೂ ಅವರನ್ನೂ ನೋಡಿ, ಅಲ್ಲಿಗೆ ಗೆರೆ ಎಳೆದಂತೆ ಡಾಂಬರು ನಿಲ್ಲಿಸಿದ. ಕೊನೆಯ ಸಲ ಉರುಳುಗಲ್ಲು ಎಳೆದು ಮುಗಿಸುತ್ತಿದ್ದಂತೆ ಮಳೆ ಹಿಡಿಯಿತು. ನಾವೆಲ್ಲ ಜಗುಲಿಯ ಮೇಲೆ ನಿಂತು ಕಪ್ಪು ಅಂಗಳದ ಮೇಲೆ ನೀರು ಹರಿದುಹೋಗುವುದನ್ನು ನೋಡಿದೆವು. ನನ್ನ ಗಂಡ ಒಲೆ ಹಚ್ಚಿ ಎಲ್ಲರಿಗೂ ಉಪ್ಪಿಟ್ಟು ಮಾಡಿದರು.

ಮಾರನೆಯ ಬೆಳಿಗ್ಗೆ ಅರಸೀಕೆರೆಯ ಬಸ್ಸು ಬಂತು. ರಾತ್ರಿಯ ಮಳೆಗೆ ರಸ್ತೆಯ ಅಂಚೆಲ್ಲ ಕೆಸರು. ಏಜೆಂಟು ಆಗಲೇ ಕೆರೆ ಏರಿಯ ಕಡೆಗೆ ಕೈ ತೋರಿಸುತ್ತಾ ನಿಂತಿದ್ದ. ನಾನು ಅಂಗಳದ ನಟ್ಟನಡುವೆ ಹೋಗಿ ನಿಂತು, ಡ್ರೈವರಿಗೆ ಕಾಣುವಂತೆ ಎರಡೂ ಕಾಲಿನಿಂದ ನೆಲವನ್ನು ದಬದಬ ತುಳಿದೆ. ಸೀರೆ ಉಟ್ಟ ಹೆಂಗಸು ಹೀಗೆ ಕುಣಿಯುವುದನ್ನು ಆ ಬಸ್ಸಿನವರು ಯಾರೂ ನೋಡಿರಲಿಕ್ಕಿಲ್ಲ. ಡ್ರೈವರ್ ಏಜೆಂಟನ ಕಡೆ ನೋಡಿದ, ನನ್ನ ಕಾಲಿನ ಕಡೆ ನೋಡಿದ, ಸ್ಟಿಯರಿಂಗ್ ತಿರುಗಿಸಿದ.

ನಾನು ಚಕ್ರವನ್ನೇ ನೋಡುತ್ತಿದ್ದೆ. ಮುಂದಿನ ಚಕ್ರ ಡಾಂಬರು ಹತ್ತಿತು, ಹಿಂದಿನದೂ ಹತ್ತಿತು. ಒಂದು ಕಲ್ಲೂ ಏಳಲಿಲ್ಲ.

ಅತ್ತೆ ಹೊಸಿಲಿನ ಮುಂದಿನ ತಮ್ಮ ಪಟ್ಟಿಗೆ ಆಗ ತಾನೇ ಸಗಣಿ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎಂದಿನಂತೆ ಮನೆಯ ಯಜಮಾನಿಯನ್ನೇ ಕೇಳಿದ: "ಎಲ್ಲಿ ನಿಲ್ಲಿಸ್ಲಮ್ಮ?"

ಅತ್ತೆ ತಲೆ ಎತ್ತಿ ಬೆರಳಿನಿಂದ ನನ್ನನ್ನು ತೋರಿಸಿದರು. "ನಮ್ಮ ಸೊಸೆ ಎಲ್ಲಿ ಅಂತಾಳೋ ಅಲ್ಲಿ ನಿಲ್ಸಪ್ಪ" ಎಂದು ಹೇಳಿ, ಮತ್ತೆ ಬಗ್ಗಿ ರಂಗೋಲಿಯ ಎಳೆ ಮುಂದುವರಿಸಿದರು.